ಒಂದೇ ಸೂರಿನಡಿ ಹತ್ತಾರು ಕೌಂಟರು

ಸ್ಯಾನ್ ಫ್ರಾನ್ಸಿಸ್ಕೊದ ನಗರಾಡಳಿತ ಭವನಕ್ಕೆ ಕೂಗಳತೆಯಲ್ಲಿ ಬಿಲ್ ಗ್ರಹಾಂ ಸಿವಿಕ್ ಆಡಿಟೋರಿಯಂ ಎಂಬ ದೊಡ್ಡ ಸಭಾಂಗಣವಿದೆ. ಸಾಮಾನ್ಯವಾಗಿ ಸಂಗೀತ ಕಾರ್ಯಕ್ರಮಗಳ ಟಿಕೆಟ್ ಹಿಡಿದು ಜನ ಸಾಲುಗಟ್ಟುವ ಜಾಗ. ವರ್ಷದ ಕೆಲವು ದಿನ ಮಾತ್ರ ಅಲ್ಲಿನ ಸಾಲು ಬೇರೆಯದಾಗಿರುತ್ತಿತ್ತು: ಹಾಸಿಗೆ ಸುರುಳಿಯನ್ನು ಹೆಗಲಿಗೇರಿಸಿಕೊಂಡವರು, ಗಾಲಿಕುರ್ಚಿಯಲ್ಲಿ ಬಂದವರು, ನಾಯಿಯ ಹಗ್ಗ ಹಿಡಿದು ನಿಂತವರು. ಒಳಗೆ ಒಂದು ಕಡೆ ಹಲ್ಲಿನ ವೈದ್ಯರು, ಇನ್ನೊಂದು ಕಡೆ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವರು. ಗುರುತಿನ ಚೀಟಿಗೆ ಅರ್ಜಿ ತೆಗೆದುಕೊಳ್ಳುವ ಮೋಟಾರು ವಾಹನ ಇಲಾಖೆಯ ಸಿಬ್ಬಂದಿ, ಸರ್ಕಾರಿ ಭತ್ಯೆಯ ಕಾಗದಪತ್ರ ನೋಡುವವರು, ವಕೀಲರು, ಗಾಲಿಕುರ್ಚಿ ರಿಪೇರಿ ಮಾಡುವವರು, ಕ್ಷೌರದವರು. ಮನೆಯವರ ದನಿ ಕೇಳಿ ವರ್ಷಗಳಾದವರಿಗೆ ದುಡ್ಡು ಕೊಡದೆ ಮಾತಾಡಲು ಫೋನು. ನಾಯಿಗೂ ಪಶುವೈದ್ಯರುಂಟು. ಬಂದ ಒಬ್ಬೊಬ್ಬರ ಜೊತೆಗೂ ಒಬ್ಬ ಸ್ವಯಂಸೇವಕ ಇದ್ದು ಒಂದು ಮೇಜಿನಿಂದ ಇನ್ನೊಂದಕ್ಕೆ ಕರೆದೊಯ್ಯುವುದು ಈ ವ್ಯವಸ್ಥೆಯ ವಿಶೇಷ. ಗ್ಯಾವಿನ್ ನ್ಯೂಸಮ್ ಮೇಯರ್ ಆಗಿದ್ದಾಗ, 2004ರ ಅಕ್ಟೋಬರಿನಲ್ಲಿ ಶುರುವಾದ ಇದರ ಹೆಸರು 'ಪ್ರಾಜೆಕ್ಟ್ ಹೋಮ್‌ಲೆಸ್ ಕನೆಕ್ಟ್'. ಮುಂದೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳ 200ಕ್ಕೂ ಹೆಚ್ಚು ಊರುಗಳು ಇದೇ ಮಾದರಿಯನ್ನು ಎತ್ತಿಕೊಂಡವು.

ಇಂಥ ಮೇಳಗಳನ್ನು ಮೆಚ್ಚುವವರು ದಾನಧರ್ಮವೆಂದು ಮೆಚ್ಚುತ್ತಾರೆ, ಬೈಯುವವರು ದಾನಧರ್ಮವೆಂದೇ ಬೈಯುತ್ತಾರೆ. ಇಬ್ಬರೂ ನೋಡದೆ ಬಿಡುವ ಸಂಗತಿಯೊಂದಿದೆ. ಸಭಾಂಗಣದೊಳಗೆ ಸಿಗುವ ಸೌಲಭ್ಯಗಳಲ್ಲಿ ಬಹುಪಾಲು ಆ ಊರಿನಲ್ಲಿ ಮೊದಲೇ ಇದ್ದವು. ಕಣ್ಣಿನ ಆಸ್ಪತ್ರೆ ಇತ್ತು, ಭತ್ಯೆಯ ಕಚೇರಿ ಇತ್ತು, ಉಚಿತ ವಕೀಲರಿದ್ದರು. ಒಂದೊಂದೂ ಒಂದೊಂದು ದಿಕ್ಕಿನಲ್ಲಿ, ಒಂದೊಂದು ಹೊತ್ತಿನಲ್ಲಿ, ಒಂದೊಂದು ಬಗೆಯ ದಾಖಲೆ ಕೇಳುತ್ತ ಕೂತಿದ್ದವು, ಅಷ್ಟೆ. ರಾತ್ರಿ ಎಲ್ಲಿ ಮಲಗುವುದೆಂಬುದೇ ಗೊತ್ತಿಲ್ಲದವನಿಗೆ, ಸಾಮಾನಿನ ಚೀಲವನ್ನು ಯಾರ ವಶಕ್ಕೂ ಬಿಟ್ಟುಹೋಗಲಾಗದವನಿಗೆ, 'ನಾಳೆ ಹತ್ತು ಗಂಟೆಗೆ ಬನ್ನಿ' ಎಂಬ ಮಾತು 'ಬರಬೇಡಿ' ಎಂಬುದಕ್ಕೆ ಸಮ. ಹೀಗಾಗಿ ನನಗೆ ಈ ಮೇಳಗಳು ಕಾಣುವುದು ಆಡಳಿತದ ತಪಾಸಣೆಯಾಗಿ. ಕೌಂಟರುಗಳನ್ನೆಲ್ಲ ಒಂದೇ ಸೂರಿನಡಿ ತಂದು ಕೂರಿಸಿದ ದಿನ ಯಾವ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೋ, ಅದು ಉಳಿದ ದಿನಗಳಲ್ಲಿ ಆರು ತಿಂಗಳು ಯಾಕೆ ಎಳೆಯುತ್ತದೆ ಎಂಬ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತದೆ. ಆ ಪ್ರಶ್ನೆಗೆ ಊರು ಉತ್ತರ ಹುಡುಕಿದರೆ ಮೇಳ ಸಾರ್ಥಕ. ಇಲ್ಲದಿದ್ದರೆ ಅದು ಊಟ ಹಾಕಿ ಕಳಿಸಿದ ಒಂದು ಮಧ್ಯಾಹ್ನ ಮಾತ್ರ.

ಗುರುತಿನ ಚೀಟಿಯನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ನೌಕರಿ ಸೇರಲು, ಬ್ಯಾಂಕ್ ಖಾತೆ ತೆರೆಯಲು, ಬಾಡಿಗೆ ಕರಾರಿಗೆ ಸಹಿ ಹಾಕಲು ಫೋಟೊ ಇರುವ ಗುರುತಿನ ಚೀಟಿ ಬೇಕು. ಚೀಟಿ ಬೇಕಾದರೆ ಜನನ ಪ್ರಮಾಣಪತ್ರ ತನ್ನಿ ಅನ್ನುತ್ತಾರೆ. ಜನನ ಪ್ರಮಾಣಪತ್ರ ಕೇಳಲು ಹೋದರೆ ನೀವು ಯಾರೆಂಬುದಕ್ಕೆ ಗುರುತು ತೋರಿಸಿ ಅನ್ನುತ್ತಾರೆ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆಯ ಕಥೆ. ಇದರ ಮೇಲೆ ಶುಲ್ಕ ಬೇರೆ, ಚೀಟಿ ಅಂಚೆಯಲ್ಲಿ ಬಂದು ಸೇರಲು ವಿಳಾಸ ಬೇರೆ. 2005ರ 'ರಿಯಲ್ ಐಡಿ' ಕಾಯ್ದೆ ಭದ್ರತೆಯ ಕಾರಣಕ್ಕೆ ದಾಖಲೆಗಳ ನಿಯಮವನ್ನು ಇನ್ನಷ್ಟು ಬಿಗಿ ಮಾಡಿತು. ಬೀದಿಯಲ್ಲಿ ಬದುಕುವವರ ಕಾಗದಪತ್ರ ಮಳೆಗೆ ನೆನೆಯುತ್ತದೆ, ಕಳವಾಗುತ್ತದೆ, ಪಾದಚಾರಿ ದಾರಿ ತೆರವು ಮಾಡುವವರ ಲಾರಿಯಲ್ಲಿ ಟೆಂಟಿನ ಜೊತೆಗೇ ಹೋಗಿಬಿಡುತ್ತದೆ. ಒಮ್ಮೆ ಮಾಡಿಸಿದ ಚೀಟಿಯನ್ನು ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ. ಮೇಳದಲ್ಲಿ ಈ ಎರಡು ಮೂರು ಇಲಾಖೆಗಳವರು ಅಕ್ಕಪಕ್ಕ ಕೂತಾಗ ಗಂಟು ಬಿಚ್ಚುವುದು ಸುಲಭವಾಗುತ್ತದೆ. ಆದರೆ ಗಂಟು ಹಾಕಿದ್ದು ನಿಯಮ. ಕ್ಯಾಲಿಫೋರ್ನಿಯ ಅದನ್ನು ಒಪ್ಪಿ 2014ರಲ್ಲಿ ಕಾನೂನು ಮಾಡಿತು. ಮನೆಯಿಲ್ಲದವರಿಗೆ ಜನನ ಪ್ರಮಾಣಪತ್ರ 2015ರ ಜುಲೈಯಿಂದಲೂ ಗುರುತಿನ ಚೀಟಿ 2016ರ ಜನವರಿಯಿಂದಲೂ ಶುಲ್ಕವಿಲ್ಲದೆ ಸಿಗತೊಡಗಿದವು. ಈತ ಮನೆಯಿಲ್ಲದವನು ಎಂದು ಸೇವಾಸಂಸ್ಥೆಯವರು ಸಹಿ ಹಾಕಿಕೊಟ್ಟರೆ ಸಾಕು. ಮೇಳದ ಮೇಜಿನ ಮೇಲೆ ನಡೆಯುತ್ತಿದ್ದ ಸಡಿಲಿಕೆ ಇಲ್ಲಿ ಎಲ್ಲ ದಿನಗಳ ನಿಯಮವಾಯಿತು.

ಇದಕ್ಕಿಂತ ಹಳೆಯ, ಇನ್ನೂ ಒಳ್ಳೆಯ ಉದಾಹರಣೆ ಅದೇ ರಾಜ್ಯದ ಸ್ಯಾನ್ ಡಿಯಾಗೊ ನಗರದ್ದು. ವಿಯೆಟ್ನಾಂ ಯುದ್ಧದಿಂದ ಮರಳಿದ ಎಷ್ಟೋ ಸೈನಿಕರು ಬೀದಿಪಾಲಾಗಿದ್ದರು. ಅವರಿಗಾಗಿ 1988ರಲ್ಲಿ ಅಲ್ಲಿನ ಮಾಜಿ ಸೈನಿಕರ ಸಂಘಟನೆಯೊಂದು ಮೂರು ದಿನದ ಶಿಬಿರ ನಡೆಸಿತು. ಮಿಲಿಟರಿ ಭಾಷೆಯಲ್ಲಿ ಅದಕ್ಕೆ 'ಸ್ಟ್ಯಾಂಡ್ ಡೌನ್' ಎಂದು ಹೆಸರು: ಕಾದಾಡುತ್ತಿದ್ದ ತುಕಡಿಯನ್ನು ಹಿಂದಕ್ಕೆ ಕರೆಸಿ, ಬಿಸಿ ಊಟ ಕೊಟ್ಟು, ಒಗೆದ ಬಟ್ಟೆ ಹಾಕಿಸಿ ಸುರಕ್ಷಿತ ಜಾಗದಲ್ಲಿ ದಣಿವಾರಿಸುವುದು. ಊಟ, ಬಟ್ಟೆ, ವೈದ್ಯರು ಎಲ್ಲ ಇದ್ದರು. ಶಿಬಿರ ಮುಗಿಯುವಾಗ ಸಂಘಟಕರು ಒಂದು ಜಾಣತನದ ಕೆಲಸ ಮಾಡಿದರು, ನಿಮಗೆ ಎಲ್ಲಕ್ಕಿಂತ ತುರ್ತಾಗಿ ಬೇಕಾದ್ದು ಏನು ಎಂದು ಬಂದವರನ್ನೇ ಕೇಳಿದರು. 500 ಮಂದಿಯಲ್ಲಿ 116 ಮಂದಿ ಹೇಳಿದ್ದು ಊಟವಲ್ಲ, ಹಾಸಿಗೆಯಲ್ಲ: ತಮ್ಮ ಮೇಲಿರುವ ಕೋರ್ಟಿನ ವಾರಂಟುಗಳನ್ನು ಇತ್ಯರ್ಥ ಮಾಡಿಕೊಡಿ ಎಂದು. ಪಾರ್ಕಿನಲ್ಲಿ ಮಲಗಿದ್ದಕ್ಕೆ, ಬೀದಿಯಲ್ಲಿ ಕುಡಿದಿದ್ದಕ್ಕೆ, ಟಿಕೆಟಿಲ್ಲದೆ ಟ್ರಾಲಿ ಹತ್ತಿದ್ದಕ್ಕೆ ದಂಡ ಬಿದ್ದಿರುತ್ತದೆ. ದಂಡ ಕಟ್ಟಲು ಕಾಸಿಲ್ಲ, ಕೋರ್ಟಿನ ತಾರೀಖು ತಿಳಿಸುವ ಕಾಗದ ತಲುಪಲು ವಿಳಾಸವಿಲ್ಲ. ಗೈರುಹಾಜರಿಗೆ ವಾರಂಟು ಹೊರಡುತ್ತದೆ. ವಾರಂಟು ಇದ್ದವನಿಗೆ ಬಾಡಿಗೆ ಮನೆ ಸಿಗದು, ಕೆಲಸ ಸಿಗದು, ಪೊಲೀಸಿನವನನ್ನು ಕಂಡರೆ ಓಡಬೇಕು. ಆಸ್ಪತ್ರೆಗೆ ಹೋಗಿ ಹೆಸರು ಬರೆಸಲೂ ಅಳುಕು.

ಮರುವರ್ಷದ ಶಿಬಿರಕ್ಕೆ ನ್ಯಾಯಾಲಯವೇ ಬಂತು. ಶಾಲೆಯೊಂದರ ಹ್ಯಾಂಡ್‌ಬಾಲ್ ಅಂಕಣದಲ್ಲಿ ಕಲಾಪ ನಡೆಯಿತು. ನ್ಯಾಯಾಧೀಶರು, ಸರ್ಕಾರಿ ವಕೀಲರು, ಆರೋಪಿಯ ಪರವಾಗಿ ಸರ್ಕಾರ ನೇಮಿಸಿದ ವಕೀಲರು ಎಲ್ಲರೂ ಅಲ್ಲೇ. ದಂಡ, ಜೈಲಿನ ಬದಲು ಆ ಮನುಷ್ಯ ಈಗಾಗಲೇ ಕುಡಿತ ಬಿಡುವ ಸಭೆಗಳಿಗೆ ಹೋಗುತ್ತಿದ್ದರೆ, ಕೆಲಸ ಕಲಿಯುತ್ತಿದ್ದರೆ, ಆಪ್ತಸಲಹೆ ಪಡೆಯುತ್ತಿದ್ದರೆ ಅದನ್ನೇ ಶಿಕ್ಷೆಯ ಲೆಕ್ಕಕ್ಕೆ ಹಿಡಿದು ಪ್ರಕರಣ ಮುಗಿಸುವುದು ಅದರ ಪದ್ಧತಿ. 1989ರಿಂದ 1992ರ ತನಕ 942 ಮಾಜಿ ಸೈನಿಕರ 4,895 ಪ್ರಕರಣಗಳು ಹೀಗೆ ತೀರ್ಮಾನವಾದವು. ತಲಾ ಐದಕ್ಕಿಂತ ಹೆಚ್ಚು! ಒಂದು ಸಣ್ಣ ತಪ್ಪು ಹೇಗೆ ಮರಿ ಹಾಕುತ್ತ ಹೋಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆಮೇಲೆ ಈ ನ್ಯಾಯಾಲಯ ಶಿಬಿರಕ್ಕೆ ಕಾಯುವುದನ್ನು ಬಿಟ್ಟು ವರ್ಷದುದ್ದಕ್ಕೂ ಕೂರತೊಡಗಿತು, ಆಶ್ರಯಧಾಮಗಳಿಗೇ ಹೋಗಿ ಕಲಾಪ ನಡೆಸಿತು, ಮಾಜಿ ಸೈನಿಕರಲ್ಲದವರಿಗೂ ತೆರೆದುಕೊಂಡಿತು, ಬೇರೆ ಊರುಗಳಿಗೂ ಹಬ್ಬಿತು. ಮೂರು ದಿನದ ಶಿಬಿರವೊಂದು ಕೇಳಿದ ಒಂದು ಪ್ರಶ್ನೆ ಶಾಶ್ವತ ವ್ಯವಸ್ಥೆಯಾದ ಬಗೆ ಇದು. ಮೇಳದ ಬೆಲೆ ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಗೊತ್ತಿಲ್ಲ.

ಹಾಗಾದರೆ ಮೇಳದಲ್ಲಿ ಕ್ಷೌರ ಯಾಕೆ, ಕಾಲು ತೊಳೆಯುವುದು ಯಾಕೆ, ಇವೆಲ್ಲ ತೋರಿಕೆಯಲ್ಲವೆ ಎಂದು ಕೇಳುವವರಿದ್ದಾರೆ. ಬಾಸ್ಟನ್ನಿನ ಡಾಕ್ಟರ್ ಜಿಮ್ ಓಕಾನಲ್ 1985ರಲ್ಲಿ ಹಾರ್ವರ್ಡ್ ತರಬೇತಿ ಮುಗಿಸಿ ಬೀದಿಜನರ ಚಿಕಿತ್ಸೆಗೆಂದು ಪೈನ್ ಸ್ಟ್ರೀಟ್ ಇನ್ ಎಂಬ ಆಶ್ರಯಧಾಮಕ್ಕೆ ಬಂದಾಗ, ಅಲ್ಲಿನ ನರ್ಸ್ ಬಾರ್ಬರಾ ಮೆಕಿನ್ನಿಸ್ ಸ್ಟೆತೊಸ್ಕೋಪನ್ನು ಪಕ್ಕಕ್ಕಿಡಿಸಿ ಬಂದವರ ಕಾಲುಗಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಸುವ ಕೆಲಸ ಕೊಟ್ಟರು. ಇಡೀ ದಿನ ನಿಂತು ನಡೆದು, ಒದ್ದೆ ಬೂಟು ಬಿಚ್ಚದೆ ಮಲಗುವವರ ಕಾಲು ಕೊಳೆತು ಊದಿಕೊಂಡಿರುತ್ತದೆ, ಆದ್ದರಿಂದ ಅದು ಚಿಕಿತ್ಸೆಯೂ ಹೌದು. ಅದಕ್ಕಿಂತ ಮುಖ್ಯವಾಗಿ, ಡಾಕ್ಟರು ಕೆಳಗೆ, ರೋಗಿ ಕುರ್ಚಿಯ ಮೇಲೆ. ವರ್ಷಗಟ್ಟಲೆ ಆಸ್ಪತ್ರೆಯ ಹೆಸರೆತ್ತಿದರೆ ಸಿಡಿಯುತ್ತಿದ್ದವರು ಕಾಲು ನೆನೆಸಿಕೊಳ್ಳುತ್ತ ತಾವಾಗಿ ಬಾಯಿಬಿಟ್ಟರು. ಕಚೇರಿಗಳಲ್ಲಿ ಬೈಸಿಕೊಂಡೇ ಬಂದವರನ್ನು ಮತ್ತೊಂದು ಅರ್ಜಿ ತುಂಬಲು ಒಪ್ಪಿಸುವುದು ಕರಪತ್ರದಿಂದ ಆಗುವ ಕೆಲಸವಲ್ಲ. ಕ್ಷೌರದ ಕುರ್ಚಿಗೆಂದು ಬಂದವನು ಅಲ್ಲಿಂದೆದ್ದು ಪಕ್ಕದ ಭತ್ಯೆಯ ಮೇಜಿಗೆ ಹೋಗಿ ಕೂತರೆ ಆ ಕುರ್ಚಿ ತನ್ನ ಕೆಲಸ ಮಾಡಿದಂತೆ.

ಇನ್ನು ದೊಡ್ಡ ಆಕ್ಷೇಪ. ಇದೆಲ್ಲ ಕಣ್ಣೊರೆಸುವ ತಂತ್ರ, ಮೇಯರು ಫೋಟೊ ತೆಗೆಸಿಕೊಳ್ಳುತ್ತಾರೆ, ಕಂಪನಿಗಳ ನೌಕರರು ಒಂದು ದಿನ ಸೇವೆ ಮಾಡಿ ಪುಣ್ಯ ಕಟ್ಟಿಕೊಳ್ಳುತ್ತಾರೆ, ಸಂಜೆ ಬಾಗಿಲು ಹಾಕಿದ ಮೇಲೆ ಬಂದವನು ಅದೇ ಪಾದಚಾರಿ ದಾರಿಗೆ ಮರಳುತ್ತಾನೆ ಎಂಬುದು. ಇದರಲ್ಲಿ ಸತ್ಯವಿದೆ, ಅದನ್ನು ಮುಚ್ಚಿಡಬೇಕಿಲ್ಲ. ಮೇಳದಲ್ಲಿ ಎರಡು ಬಗೆಯ ಮೇಜುಗಳಿರುತ್ತವೆ. ಒಂದರಲ್ಲಿ ಸಹಿ ಹಾಕುವ ಅಧಿಕಾರವಿರುವವರು ಕೂತು ಕೆಲಸ ಅಲ್ಲೇ ಮುಗಿಸುತ್ತಾರೆ. ಇನ್ನೊಂದರಲ್ಲಿ ಕರಪತ್ರ ಕೊಟ್ಟು, ಇಂಥ ಕಚೇರಿಗೆ ಹೋಗಿ ವಿಚಾರಿಸಿ ಎಂದು ಸಾಗಹಾಕುತ್ತಾರೆ. ಎರಡನೆಯದು ಅಲೆದಾಟವನ್ನು ತಪ್ಪಿಸುವುದಿಲ್ಲ, ಅಲೆದಾಟಕ್ಕೆ ಹೊಸದೊಂದು ಮೆಟ್ಟಿಲು ಸೇರಿಸುತ್ತದೆ. ಅಂಥ ಮೇಜುಗಳಿಗೆ ಒಳಗೆ ಜಾಗ ಕೊಡಬಾರದೆಂಬುದು ನನ್ನ ಅಭಿಪ್ರಾಯ, ಸಂಘಟಕರಿಗೆ ಇದು ಸ್ವಲ್ಪ ಕಟುವೆನಿಸೀತು. ಹಲ್ಲು ಕೀಳಿಸಿಕೊಂಡವನ ಕಟ್ಟುಹಲ್ಲು, ಅಳತೆ ಕೊಟ್ಟವನ ಕನ್ನಡಕ, ಅರ್ಜಿ ಹಾಕಿದವನ ಚೀಟಿ ಇವೆಲ್ಲ ಮೇಳ ಮುಗಿದ ವಾರಗಳ ನಂತರ ಬರುವಂಥವು. ಸ್ಯಾನ್ ಫ್ರಾನ್ಸಿಸ್ಕೊದ ಸಂಘಟಕರಿಗೂ ಇದು ತಿಳಿಯಿತು. ದೊಡ್ಡ ಮೇಳಗಳ ನಡುವಿನ ದಿನಗಳಲ್ಲೂ ಜನ ಬಂದು ವಿಚಾರಿಸಲು 'ಎವ್ರಿಡೇ ಕನೆಕ್ಟ್' ಎಂಬ ನಿತ್ಯದ ಏರ್ಪಾಡನ್ನು ಅವರು ಮಾಡಿಕೊಂಡರು.

ಆದರೂ ಮನೆಯಿಲ್ಲದವರಿಗೆ ಬೇಕಾದ್ದು ಮನೆ, ಕನ್ನಡಕವಲ್ಲ ಎಂಬ ವಾದ ಉಳಿಯುತ್ತದೆ. ಅದಕ್ಕೆ ಪುರಾವೆಯೂ ಗಟ್ಟಿಯಾಗಿದೆ. ಮೊದಲು ಕುಡಿತ ಬಿಡು, ಚಿಕಿತ್ಸೆ ತಗೊ, ಆಮೇಲೆ ಮನೆ ಎಂಬ ಹಳೆಯ ಕ್ರಮವನ್ನು ತಿರುಗಿಸಿ, ಮೊದಲು ಬೀಗದ ಕೈ ಕೊಡಿ, ಉಳಿದದ್ದು ಆಮೇಲೆ ಎಂಬ ಪದ್ಧತಿಯನ್ನು ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ 1992ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದರು. ಕೆನಡಾ ಇದನ್ನು 2009ರಿಂದ 2013ರ ತನಕ ಐದು ನಗರಗಳಲ್ಲಿ, 2,000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿ ನೋಡಿತು. ಅಧ್ಯಯನದ ಕೊನೆಯ ಆರು ತಿಂಗಳಲ್ಲಿ, ಮನೆ ಮೊದಲು ಪಡೆದವರ ಪೈಕಿ ನೂರಕ್ಕೆ 62 ಮಂದಿ ಪೂರ್ತಿ ಅವಧಿ ಮನೆಯಲ್ಲೇ ಇದ್ದರು, ಎಂದಿನ ವ್ಯವಸ್ಥೆಗೆ ಬಿಟ್ಟವರಲ್ಲಿ 31 ಮಂದಿ. ಟೆಕ್ಸಸ್‌ನ ಹ್ಯೂಸ್ಟನ್ ಹತ್ತು ವರ್ಷದಲ್ಲಿ 25,000 ಮಂದಿಯನ್ನು ಮನೆ ಸೇರಿಸಿತು. ನಾನು ಈ ವಾದವನ್ನು ಒಪ್ಪುತ್ತೇನೆ. ಒಪ್ಪಿದ ಮೇಲೂ ಕೇಳಬೇಕಾದ್ದು: ಮನೆಯ ತನಕ ಹೋಗುವ ದಾರಿ ಯಾವುದು? ಬಾಡಿಗೆಗೆ ನೆರವಾಗುವ ಸರ್ಕಾರಿ ವೋಚರು ಕೈಗೆ ಬಂದವರಿಗೆ ಮನೆ ಹುಡುಕಿಕೊಳ್ಳಲು ಮೊದಲಿಗೆ ಸಿಗುವ ಗಡುವು ಕನಿಷ್ಠ 60 ದಿನ. ಮಾಲೀಕ ಗುರುತಿನ ಚೀಟಿ ಕೇಳುತ್ತಾನೆ, ಆದಾಯದ ದಾಖಲೆ ಕೇಳುತ್ತಾನೆ, ಹಳೆಯ ವಾರಂಟು ಇದೆಯೇ ಎಂದು ನೋಡುತ್ತಾನೆ. ಕಾಗದ ಕೂಡಿಸುವಷ್ಟರಲ್ಲಿ ಗಡುವು ಮುಗಿದರೆ ವೋಚರು ಕೈತಪ್ಪಿತು. ಹ್ಯೂಸ್ಟನ್ನಿನ ಗುಟ್ಟು ಕೂಡ ಹೆಚ್ಚಿನ ಹಣವಷ್ಟೇ ಆಗಿರಲಿಲ್ಲ. ತಮ್ಮ ತಮ್ಮ ಪಟ್ಟಿ ಇಟ್ಟುಕೊಂಡು ಕೂತಿದ್ದ ಹತ್ತಾರು ಸಂಸ್ಥೆಗಳು ಒಂದೇ ಪಟ್ಟಿಗೆ, ಒಂದೇ ಸರದಿಗೆ ಒಪ್ಪಿದ್ದರಿಂದ ಆದ ಕೆಲಸ ಅದು. ಮೇಳ ಒಂದು ದಿನ ಮಾಡಿದ್ದನ್ನು ಆ ಊರು ದಿನವೂ ಮಾಡಿತು ಎನ್ನಬಹುದು.

ಸೌಲಭ್ಯ ಕೊಟ್ಟರೆ ಬೇರೆ ಊರಿನ ಬೀದಿಜನ ಬಂದು ತುಂಬಿಕೊಳ್ಳುತ್ತಾರೆ ಎಂಬ ಭಯವೂ ಆಗಾಗ ಕೇಳಿಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ 2023ರಲ್ಲಿ ಪ್ರಕಟಿಸಿದ, ಆ ರಾಜ್ಯದ ಸುಮಾರು 3,200 ಮನೆಯಿಲ್ಲದವರನ್ನು ಮಾತಾಡಿಸಿದ ಅಧ್ಯಯನ ಇದಕ್ಕೆ ನೇರ ಉತ್ತರ ಕೊಡುತ್ತದೆ. ಹತ್ತರಲ್ಲಿ ಒಂಬತ್ತು ಮಂದಿ ಮನೆ ಕಳೆದುಕೊಂಡದ್ದು ಅದೇ ರಾಜ್ಯದಲ್ಲಿ, ನಾಲ್ವರಲ್ಲಿ ಮೂವರು ಕೊನೆಯ ಮನೆ ಇದ್ದ ಜಿಲ್ಲೆಯಲ್ಲೇ ಇದ್ದರು. ಮನೆ ಹೋಗುವ ಮುಂಚಿನ ಆರು ತಿಂಗಳು ಅವರ ಕುಟುಂಬಗಳ ಮಧ್ಯಮ ಮಟ್ಟದ ಆದಾಯ ತಿಂಗಳಿಗೆ 960 ಡಾಲರ್. ಆ ರಾಜ್ಯದ ಬಾಡಿಗೆ ಗೊತ್ತಿದ್ದವರಿಗೆ ಈ ಅಂಕಿಗೆ ವಿವರಣೆ ಬೇಕಿಲ್ಲ.

ಸುಮಾರು ಇಪ್ಪತ್ತು ವರ್ಷ ಮೇಳ ನಡೆಸಿಯೂ 2024ರ ಗಣತಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 8,323 ಮಂದಿ ಮನೆಯಿಲ್ಲದವರಿದ್ದರು. ಇಡೀ ದೇಶದಲ್ಲಿ ಅದೇ ವರ್ಷದ ಜನವರಿಯಲ್ಲಿ 7,71,480 ಮಂದಿ, ಹಿಂದಿನ ವರ್ಷಕ್ಕಿಂತ ನೂರಕ್ಕೆ 18ರಷ್ಟು ಹೆಚ್ಚು. ಮೇಳ ಸೋತಿತೆಂದು ಇದನ್ನು ಓದಬಹುದೆ? ಗ್ರೆಗ್ ಕೋಲ್ಬರ್ನ್ ಮತ್ತು ಕ್ಲೇಟನ್ ಪೇಜ್ ಆಲ್ಡರ್ನ್ ಅಮೆರಿಕದ ನಗರಗಳನ್ನು ಹೋಲಿಸಿ 2022ರಲ್ಲಿ ಬರೆದ ಪುಸ್ತಕದ ಪ್ರಕಾರ, ಒಂದು ಊರಿನಲ್ಲಿ ಮನೆಯಿಲ್ಲದವರು ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರಲು ಕಾರಣ ಅಲ್ಲಿನ ಕುಡುಕರ, ಮನೋರೋಗಿಗಳ, ಬಡವರ ಸಂಖ್ಯೆಯಲ್ಲ. ಬಾಡಿಗೆಯ ದರ ಮತ್ತು ಖಾಲಿ ಮನೆಗಳ ಅಭಾವ. ಒಬ್ಬರು ಮನೆ ಸೇರುವಷ್ಟರಲ್ಲಿ ಬಾಡಿಗೆ ಕಟ್ಟಲಾಗದೆ ಇನ್ನಷ್ಟು ಜನ ಹೊರಬೀಳುತ್ತಾರೆ. ಅದನ್ನು ಯಾವ ಮೇಳವೂ ತಡೆಯಲಾರದು, ತಡೆಯುತ್ತೇನೆಂದು ಹೇಳಿಕೊಳ್ಳಲೂ ಬಾರದು. ನನಗೆ ಇದಕ್ಕಿಂತ ಹೆಚ್ಚು ಆತಂಕ ತರುವುದು ಬೇರೆ. 2024ರ ಜೂನಿನಲ್ಲಿ ಗ್ರಾಂಟ್ಸ್ ಪಾಸ್ ಎಂಬ ಊರಿನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ, ಸಾರ್ವಜನಿಕ ಜಾಗದಲ್ಲಿ ಮಲಗುವವರನ್ನು ದಂಡಿಸುವ ಸ್ಥಳೀಯ ಕಾಯ್ದೆಗಳು ಸಂವಿಧಾನ ನಿಷೇಧಿಸಿದ ಕ್ರೂರ ಶಿಕ್ಷೆಯಲ್ಲ ಎಂದಿತು. ಮುಂದಿನ ತಿಂಗಳೇ ಟೆಂಟುಗಳ ತೆರವಿಗೆ ರಾಜ್ಯದ ಇಲಾಖೆಗಳಿಗೆ ಆದೇಶ ಹೊರಡಿಸಿದವರು ಕ್ಯಾಲಿಫೋರ್ನಿಯದ ಗವರ್ನರ್, ಅಂದರೆ 2004ರಲ್ಲಿ ಮೇಳ ಶುರುಮಾಡಿದ ಅದೇ ನ್ಯೂಸಮ್. ಒಂದು ಕೈಯಿಂದ ಗುರುತಿನ ಚೀಟಿ ಮಾಡಿಸಿಕೊಟ್ಟು ಇನ್ನೊಂದು ಕೈಯಿಂದ ಆ ಚೀಟಿಯಿದ್ದ ಚೀಲವನ್ನು ಕಸದ ಲಾರಿಗೆ ಹಾಕಿದರೆ, ಬಿದ್ದ ದಂಡ ಮತ್ತೆ ವಾರಂಟಾದರೆ, ಸ್ಯಾನ್ ಡಿಯಾಗೊದ ಶಿಬಿರ 1988ರಲ್ಲಿ ಕಂಡುಕೊಂಡ ಪಾಠವನ್ನು ಮೊದಲಿಂದ ಕಲಿಯಬೇಕಾಗುತ್ತದೆ.

ಇನ್ನು ನಮ್ಮ ಭಾರತದಲ್ಲಿ 2011ರ ಜನಗಣತಿ ಎಣಿಸಿದ ಮನೆಯಿಲ್ಲದವರು 17.73 ಲಕ್ಷ. ಲಕ್ಷ ಜನಸಂಖ್ಯೆಗೆ ಒಂದರಂತೆ ನಗರಗಳಲ್ಲಿ ವರ್ಷವಿಡೀ ತೆರೆದಿರುವ ಆಶ್ರಯ ಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಮನೆಯೇ ಇಲ್ಲದವನು ಆಧಾರ್ ಪಡೆಯುವುದು ಹೇಗೆ ಎಂದು 2018ರಲ್ಲಿ ಅದೇ ಕೋರ್ಟ್ ಸರ್ಕಾರವನ್ನು ಕೇಳಿತು. ಕರ್ನಾಟಕದ ಕಥೆಯೂ ಇದೇ ಜಾಡಿನದು. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಸಿಗುವುದು ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಹೆಸರಿರುವವಳಿಗೆ. ಬಸ್ ನಿಲ್ದಾಣದಲ್ಲಿ ಮಲಗುವವಳು ಯಾವ ಮನೆಯ ಯಜಮಾನಿ? 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಾವು ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಮೂರರಷ್ಟು ಸೆಸ್ ಕಟ್ಟುತ್ತೇವೆ. ಆ ಕಾಯ್ದೆಗೆ ಗೊತ್ತಿರುವ ದಾರಿ ಹಿಡಿದು ತಂದು ಕೇಂದ್ರದಲ್ಲಿಡುವುದು. ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರಲ್ಲಿ ಸಾಲುಸಾಲಾಗಿ ಜನ ಸತ್ತಾಗ ಆ ದಾರಿ ಎಲ್ಲಿಗೆ ಹೋಗುತ್ತದೆಂದು ರಾಜ್ಯ ನೋಡಿತು. ಹಾಗೆಂದು ಒಂದೇ ಸೂರಿನಡಿ ಕೆಲಸ ಮುಗಿಸುವುದು ನಮಗೆ ಹೊಸದೇನಲ್ಲ. ಪಿಂಚಣಿ ಅದಾಲತ್ ನಡೆಸುತ್ತೇವೆ, ಕಣ್ಣಿನ ಶಿಬಿರ ಮಾಡುತ್ತೇವೆ, ಲೋಕ್ ಅದಾಲತ್‌ನಲ್ಲಿ ಒಂದೇ ದಿನ ರಾಶಿ ರಾಶಿ ಪ್ರಕರಣ ರಾಜಿ ಮಾಡಿಸುತ್ತೇವೆ. ದಾಖಲೆಯಿಲ್ಲದವರನ್ನು ಪರಿಚಯಿಸಿ ಆಧಾರ್ ಕೊಡಿಸುವ ಅವಕಾಶವೂ ನಿಯಮದಲ್ಲಿತ್ತು. ಇವುಗಳನ್ನು ರಾತ್ರಿ ತಂಗುದಾಣದ ಅಂಗಳಕ್ಕೆ, ಅಲ್ಲಿ ಮಲಗುವವರು ಕೂಲಿ ಮುಗಿಸಿ ಬರುವ ಸಂಜೆಯ ಹೊತ್ತಿಗೆ ಒಟ್ಟಿಗೆ ತರಬೇಕು. ಆಧಾರ್ ಆಪರೇಟರ್, ಆಹಾರ ಇಲಾಖೆಯವರು, ಸಂಧ್ಯಾ ಸುರಕ್ಷಾ ಪಿಂಚಣಿಯ ಅರ್ಜಿಗೆ ಸಹಿ ಹಾಕಬಲ್ಲ ಕಂದಾಯ ಅಧಿಕಾರಿ, ಕಾನೂನು ಸೇವಾ ಪ್ರಾಧಿಕಾರದ ವಕೀಲರು ಪಕ್ಕಪಕ್ಕ ಕೂರಬೇಕು. ತಿಂಗಳು ಬಿಟ್ಟು ಅವರೇ ಅಲ್ಲಿಗೆ ಮತ್ತೆ ಬಂದು, ಹಿಂದಿನ ಸಲ ಕೊಟ್ಟ ಸ್ವೀಕೃತಿ ಪತ್ರಗಳಲ್ಲಿ ಎಷ್ಟು ಚೀಟಿಯಾದವು, ಎಷ್ಟು ಯಾವ ಮೇಜಿನಲ್ಲಿ ನಿಂತವು ಎಂದು ಲೆಕ್ಕ ಒಪ್ಪಿಸಬೇಕು.